ಗೇರುಗುಡ್ಡೆಯ ಮೇಲೆ ಹೆಲಿಕಾಪ್ಟರ್

1958ರ ಬೇಸಿಗೆಯಲ್ಲಿ ಕೇರಳದಲ್ಲಿ ಗೋಧಿಹಿಟ್ಟಿನ ತಿಂಡಿ ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿ ಹಿಟ್ಟಿನ ಮೂಟೆಗಳ ಜೊತೆಗೇ ಫಾಲಿಡಾಲ್ ಎಂಬ ಕೀಟನಾಶಕವೂ ಪಯಣಿಸಿತ್ತು. ದಾರಿಯಲ್ಲಿ ಅದು ಸೋರಿ ಮೂಟೆಗಳಿಗೆ ಇಳಿದಿತ್ತು. ವಿಷವನ್ನು ಎಲ್ಲಿಡಬೇಕು, ಯಾವುದರ ಪಕ್ಕ ಇಡಬಾರದು ಎಂದು ಹೇಳುವ ಕಾನೂನು ಆಗ ದೇಶದಲ್ಲಿ ಇರಲಿಲ್ಲ. ತನಿಖೆಗೆ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ನೇಮಕವಾಯಿತು, ಅದು ವರದಿ ಕೊಟ್ಟಿತು. ಆ ವರದಿ ಕಾಯ್ದೆಯ ರೂಪ ತಾಳಲು ಮತ್ತೆ ಹತ್ತು ವರ್ಷ ಬೇಕಾಯಿತು. ಹಾಗೆ ಹುಟ್ಟಿದ್ದು 1968ರ ಕೀಟನಾಶಕ ಕಾಯ್ದೆ. ಅದರ ನಿಯಮಾವಳಿ ಬಂದದ್ದು 1971ರಲ್ಲಿ.

ಈ ನಿಯಮಾವಳಿಯ 43ನೇ ನಿಯಮ ಆಕಾಶದಿಂದ ಮದ್ದು ಬಿಡುವವರಿಗೆ ಸಂಬಂಧಿಸಿದ್ದು. ಸಣ್ಣ ನಿಯಮ, ಅರ್ಧ ಪುಟವೂ ಇಲ್ಲ. ಸಿಂಪಡಿಸುವ ಜಾಗವನ್ನು ಗುರುತು ಮಾಡುವುದು ಸಿಂಪಡಿಸುವವರದ್ದೇ ಹೊಣೆ. ಒಪ್ಪಿಗೆ ಪಡೆದ ಮದ್ದನ್ನು ಒಪ್ಪಿದ ಪ್ರಮಾಣದಲ್ಲಿ, ಒಪ್ಪಿದ ಎತ್ತರದಿಂದಲೇ ಬಿಡಬೇಕು. ತೊಳೆದುಕೊಳ್ಳಲು, ಪ್ರಥಮ ಚಿಕಿತ್ಸೆಗೆ ವ್ಯವಸ್ಥೆ ಇರಬೇಕು. ಕನಿಷ್ಠ 24 ಗಂಟೆ ಮೊದಲು ಅಧಿಕಾರಿಗಳ ಮೂಲಕ ಜನರಿಗೆ ತಿಳಿಸಬೇಕು. ಕೆಲಸಕ್ಕೆ ಸಂಬಂಧವಿಲ್ಲದ ಜನ, ಜಾನುವಾರು ನಿಗದಿತ ಅವಧಿಯವರೆಗೆ ಅಲ್ಲಿಗೆ ಬರದಂತೆ ತಡೆಯಬೇಕು. ಪೈಲಟ್‌ಗೆ ವಿಷದ ಲಕ್ಷಣಗಳ ಬಗ್ಗೆಯೂ ತರಬೇತಿ ಇರಬೇಕು.

ಓದಲು ಎಲ್ಲವೂ ಸರಿಯಾಗಿಯೇ ಇದೆ. ಆದರೆ ಮನೆ, ಶಾಲೆ, ಬಾವಿಗಳಿಂದ ಎಷ್ಟು ದೂರ ಬಿಟ್ಟು ಸಿಂಪಡಿಸಬೇಕು ಎಂಬ ಲೆಕ್ಕ ಅದರಲ್ಲಿ ಇಲ್ಲ. ಮದ್ದು ಬೀಳುವ ಜಾಗ ಬೇರೆ, ಜನ ಇರುವ ಜಾಗ ಬೇರೆ ಎಂದು ನಿಯಮ ಮೊದಲೇ ಊಹಿಸಿಕೊಂಡಿತ್ತು. ಹೊರಗಿನವರು ಒಳಗೆ ಬಾರದಂತೆ ತಡೆದರೆ ಸಾಕು ಎಂಬುದು ಅದರ ಲೆಕ್ಕಾಚಾರ. ಜನ ಮೊದಲಿನಿಂದಲೂ ಒಳಗೇ ಇದ್ದರೆ ಏನು ಮಾಡಬೇಕು ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆ ಎದ್ದದ್ದೂ ಕೇರಳದಲ್ಲಿಯೇ, ಅದರ ಉತ್ತರ ತುದಿಯ ಕಾಸರಗೋಡಿನಲ್ಲಿ, ಕನ್ನಡ ಮತ್ತು ತುಳು ಮಾತಾಡುವ ಹಳ್ಳಿಗಳಲ್ಲಿ.

ಆಕಾಶದಿಂದ ಮದ್ದು ಬಿಡುವ ವಿದ್ಯೆ ಬಯಲುಸೀಮೆಯಲ್ಲಿ ಹುಟ್ಟಿದ್ದು. ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಹತ್ತಿರ 1921ರ ಆಗಸ್ಟ್ 3ರಂದು ಜಾನ್ ಮಕ್ರೆಡಿ ಎಂಬ ಸೇನಾ ಪೈಲಟ್ ಹಳೆಯ ಕರ್ಟಿಸ್ ವಿಮಾನವೊಂದನ್ನು ಕಟಾಲ್ಪ ಮರಗಳ ತೋಪಿನ ಪಕ್ಕದಲ್ಲಿ ಹಾರಿಸಿದ. ವಿಮಾನದ ಬದಿಗೆ ಕಟ್ಟಿದ್ದ ಡಬ್ಬದಿಂದ ಸೀಸದ ಆರ್ಸೆನೇಟ್ ಪುಡಿ ಉದುರಿತು, ಗಾಳಿ ಅದನ್ನು ಮರಗಳ ಮೇಲೆ ಹರಡಿತು, ಎಲೆ ತಿನ್ನುತ್ತಿದ್ದ ಹುಳುಗಳು ಸತ್ತವು. ಕೆಲವೇ ವರ್ಷಗಳಲ್ಲಿ ಈ ತಂತ್ರ ದಕ್ಷಿಣದ ಹತ್ತಿ ಹೊಲಗಳಿಗೆ ಹೋಯಿತು. ಹಫ್-ಡಾಲಂಡ್ ಡಸ್ಟರ್ಸ್ ಎಂಬ ಕಂಪನಿ ಅದನ್ನೇ ವ್ಯಾಪಾರ ಮಾಡಿಕೊಂಡಿತು. ಇಂದಿನ ಡೆಲ್ಟಾ ಏರ್‌ಲೈನ್ಸ್‌ನ ಬೇರು ಇರುವುದು ಅಲ್ಲಿಯೇ. ಕಣ್ಣು ಹಾಯುವಷ್ಟು ದೂರವೂ ಒಬ್ಬನೇ ಒಡೆಯನ ಹೊಲ, ನಡುವೆ ಮನೆಯಿಲ್ಲ, ದಿಣ್ಣೆಯಿಲ್ಲ. ಅಂಥ ಕಡೆ ಅದು ಕೆಲಸ ಸುಲಭಗೊಳಿಸಿದ್ದು ನಿಜ.

ಜನವಸತಿಯ ಮೇಲೆ ಸಿಂಪಡಿಸಿದಾಗ ಏನಾಗುತ್ತದೆ ಎಂಬ ದೊಡ್ಡ ಜಗಳ ಮೊದಲು ಕೋರ್ಟಿಗೆ ಹೋದದ್ದೂ ಅಮೆರಿಕದಲ್ಲೇ. 1957ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನಲ್ಲಿ ಜಿಪ್ಸಿ ಪತಂಗವನ್ನು ಕೊಲ್ಲಲು ಸರ್ಕಾರದ ವಿಮಾನಗಳು ಎಣ್ಣೆಯಲ್ಲಿ ಕಲಸಿದ ಡಿಡಿಟಿಯನ್ನು ಸುರಿದವು. ತೋಟ, ಹಾಲಿನ ಡೇರಿ, ಮೀನಿನ ಕೊಳ, ಮನೆಯಂಗಳ ಯಾವುದನ್ನೂ ಬಿಡಲಿಲ್ಲ. ಪಕ್ಷಿತಜ್ಞ ರಾಬರ್ಟ್ ಕುಶ್‌ಮನ್ ಮರ್ಫಿ, ರಾಸಾಯನಿಕ ಮುಟ್ಟಿಸದೆ ತರಕಾರಿ ಬೆಳೆಯುತ್ತಿದ್ದ ಮಾರ್ಜೊರಿ ಸ್ಪಾಕ್ ಮುಂತಾದವರು ಕೋರ್ಟಿಗೆ ಹೋಗಿ ಸೋತರು. 1960ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ನ್ಯಾಯಮೂರ್ತಿ ಡಗ್ಲಸ್ ಮಾತ್ರ ಇದನ್ನು ಕೇಳಬೇಕಿತ್ತು ಎಂದು ಭಿನ್ನಮತ ಬರೆದರು. ಆದರೆ ಸ್ಪಾಕ್ ವಿಚಾರಣೆಯ ಕಾಗದಪತ್ರಗಳನ್ನು ರೇಚಲ್ ಕಾರ್ಸನ್‌ಗೆ ಕಳಿಸುತ್ತಾ ಹೋಗಿದ್ದರು. 1962ರಲ್ಲಿ ಬಂದ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದ ಹಿಂದೆ ಆ ಸೋತ ಮೊಕದ್ದಮೆ ಇದೆ.

ನಮ್ಮ 43ನೇ ನಿಯಮ ಬಂದದ್ದು ಆ ಪುಸ್ತಕವಾದ ಒಂಬತ್ತು ವರ್ಷಕ್ಕೆ.

ಈಗ ಕಾಸರಗೋಡಿಗೆ ಬರೋಣ. ಕರಾವಳಿಯ ಬೋಳು ಗುಡ್ಡಗಳಲ್ಲಿ ಬೇರೆ ಬೆಳೆ ನಿಲ್ಲುವುದಿಲ್ಲ, ಗೇರು ನಿಲ್ಲುತ್ತದೆ. ಪೋರ್ಚುಗೀಸರು ತಂದ ಈ ಮರ ಮುರಕಲ್ಲಿನ ಮೇಲೂ ಬೇರೂರುತ್ತದೆ, ನೀರು ಕೇಳುವುದಿಲ್ಲ, ಬೀಜಕ್ಕೆ ಡಾಲರ್ ಬರುತ್ತದೆ. ಸರ್ಕಾರ ಬೆಳೆಸಿದ್ದ ಗೇರು ತೋಟಗಳು 1978ರ ಹೊತ್ತಿಗೆ ಕೇರಳ ತೋಟ ನಿಗಮದ ಕೈಗೆ ಬಂದವು. ಕಾಸರಗೋಡು, ರಾಜಪುರಂ, ಚೀಮೇನಿ ಎಸ್ಟೇಟುಗಳು ಸೇರಿ 4,600 ಹೆಕ್ಟೇರಿಗೂ ಮೇಲೆ. ನಿಗಮವೇನೂ ಖಾಸಗಿ ಕಂಪನಿಯಲ್ಲ, ರಾಜ್ಯ ಸರ್ಕಾರದ್ದೇ. ಅಂದರೆ ಮದ್ದು ಬಿಡುವ ಕೈ ಯಾರದೋ, ಬಿಡುವಾಗ ನಿಯಮ ಪಾಲಿಸಿದ್ದಾರೋ ಇಲ್ಲವೋ ಎಂದು ನೋಡಬೇಕಾದ ಕಣ್ಣೂ ಅವರದೇ. ಇಡೀ ಕತೆಯಲ್ಲಿ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿಲ್ಲ.

ಗೇರಿನ ಶತ್ರು ಟೀ ಸೊಳ್ಳೆ. ಹೆಸರಿಗೆ ಸೊಳ್ಳೆ ಅಷ್ಟೆ, ಇದು ಮನುಷ್ಯರನ್ನು ಕಚ್ಚುವ ಜಾತಿಯದಲ್ಲ, ಎಳೆ ಚಿಗುರು ಮತ್ತು ಹೂಗೊಂಚಲಿನ ರಸ ಹೀರುವ ತಿಗಣೆ. ಅದು ಕುಳಿತ ಗೊಂಚಲು ಸುಟ್ಟಂತೆ ಕಪ್ಪಾಗಿ ಒಣಗುತ್ತದೆ. ಮಳೆ ನಿಂತು ಚಳಿ ಶುರುವಾದಾಗ ಗೇರು ಚಿಗುರುತ್ತದೆ, ಹೂ ಬಿಡುತ್ತದೆ, ಕಾಯಿ ಕಚ್ಚುತ್ತದೆ. ಈ ಮೂರೂ ಹೊತ್ತಿನಲ್ಲಿ ತಿಗಣೆ ಹಾಜರ್. ಸಾವಿರಾರು ಹೆಕ್ಟೇರ್ ಗುಡ್ಡದಲ್ಲಿ ಎತ್ತರದ ಮರಗಳಿಗೆ ಕೈಪಂಪಿನಿಂದ ಮದ್ದು ಹೊಡೆಸಲು ಆಳು ಎಷ್ಟು ಬೇಕು, ದಿನ ಎಷ್ಟು ಬೇಕು? ಹೆಲಿಕಾಪ್ಟರ್ ಆದರೆ ಕೆಲವೇ ದಿನಗಳ ಕೆಲಸ. ಲೆಕ್ಕಪುಸ್ತಕದ ಮಟ್ಟಿಗೆ ಈ ವಾದಕ್ಕೆ ಎದುರಾಡುವುದು ಕಷ್ಟ. ಹಾಗೆ 1970ರ ದಶಕದ ಕೊನೆಯಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ತುಂಬಿದ ಹೆಲಿಕಾಪ್ಟರುಗಳು ಬಂದವು. ವರ್ಷಕ್ಕೆ ಎರಡು ಮೂರು ಸಲದಂತೆ 2000ದ ಡಿಸೆಂಬರ್‌ವರೆಗೂ ಬರುತ್ತಲೇ ಇದ್ದವು.

ಇಲ್ಲಿ ಊರಿನ ನಕ್ಷೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣಿನಗರದ ಕಡೆ ಗೇರು ಇರುವುದು ಗುಡ್ಡದ ನೆತ್ತಿಯಲ್ಲಿ. ಮನೆ, ಅಡಿಕೆ ತೋಟ, ಗದ್ದೆ ಎಲ್ಲ ಕೆಳಗಿನ ಕಣಿವೆಯಲ್ಲಿ. ಕುಡಿಯುವ ನೀರು ಬಹಳ ಮನೆಗಳಿಗೆ ಸುರಂಗದ್ದು. ಗುಡ್ಡದ ಬದಿಗೆ ಆಳೆತ್ತರದ ಗವಿಯನ್ನು ಅಡ್ಡವಾಗಿ ಕೊರೆಯುತ್ತಾ ಹೋಗುತ್ತಾರೆ. ಎಲ್ಲೋ ಒಂದು ಕಡೆ ಮುರಕಲ್ಲಿನ ಸಂದಿಯಿಂದ ನೀರು ಜಿನುಗುತ್ತದೆ. ಅದು ನೆಲದಲ್ಲೇ ಹರಿದು ಬಾಯಿಗೆ ಬಂದು, ಅಲ್ಲಿಂದ ಅಡಿಕೆ ದಂಬೆಯಲ್ಲಿ ಇಳಿದು ಅಂಗಳದ ತೊಟ್ಟಿಗೆ ಬೀಳುತ್ತದೆ. ಪಂಪು ಬೇಡ, ಹಗ್ಗ ಬೇಡ, ರಾತ್ರಿಯೆಲ್ಲ ನೀರು ಬೀಳುವ ಸದ್ದು. ಆ ನೀರು ಗುಡ್ಡದ ನೆತ್ತಿಯಲ್ಲಿ ಇಂಗಿದ ಮಳೆ. ಗೇರಿಗೆ ಬಿದ್ದ ಮದ್ದು ಮುಂದಿನ ಮಳೆಗೆ ಎತ್ತ ಹೋಗುತ್ತದೆ ಎಂದು ತಿಳಿಯಲು ಭೂಗರ್ಭಶಾಸ್ತ್ರ ಓದಬೇಕಿಲ್ಲ. ಉಳಿದದ್ದು ಕೊಡೆಂಕಿರಿಯಂಥ ತೋಡುಗಳಿಗೆ ಇಳಿಯುತ್ತದೆ.

ಸಿಂಪಡಣೆಯ ದಿನ ಬಾವಿ ಮುಚ್ಚಿ, ದನ ಕಟ್ಟಿಹಾಕಿ ಎಂಬ ಸೂಚನೆ ಬರುತ್ತಿತ್ತು. ಬಾವಿಗಾದರೆ ಸೋಗೆ ಹೊದಿಸಬಹುದು. ತೋಡಿಗೆ ಏನು ಹೊದಿಸುವುದು? ಅಂಗಳದಲ್ಲಿ ಒಣಹಾಕಿದ ಅಡಿಕೆ, ಹಟ್ಟಿಯ ಹಿಂದಿನ ಹುಲ್ಲು, ತೊಂಡೆ ಚಪ್ಪರ, ಶಾಲೆಗೆ ಗುಡ್ಡದ ಕಾಲುದಾರಿಯಲ್ಲೇ ನಡೆದು ಹೋಗುವ ಮಕ್ಕಳು? ಗಮನಿಸಬೇಕಾದ್ದು ಇದು: ನಿಯಮದ ಪ್ರಕಾರ ಎಚ್ಚರ ವಹಿಸಬೇಕಾದವನು ಸಿಂಪಡಿಸುವವನು. ಊರಿನಲ್ಲಿ ಅದು ತಿರುಗುಮುರುಗಾಗಿ ಎಚ್ಚರ ವಹಿಸುವ ಕೆಲಸ ಕೆಳಗೆ ನಿಂತವರ ತಲೆಗೆ ಬಂದಿತ್ತು.

ಇನ್ನು ಎತ್ತರದ ಮಾತು. ಮರದ ನೆತ್ತಿಯಿಂದ ಎರಡು ಮೂರು ಮೀಟರ್ ಮೇಲಷ್ಟೇ ಹಾರಿ ಸಿಂಪಡಿಸಬೇಕು. ಬಯಲಿನ ಹತ್ತಿ ಹೊಲದ ಮೇಲೆ ಇದು ಸಾಧ್ಯ. ಏರು, ಇಳಿಜಾರು, ನಡುವೆ ಎತ್ತರದ ಕಾಡುಮರ, ವಿದ್ಯುತ್ ತಂತಿ ಇರುವ ಕಡೆ ಹಾಗೆ ಹಾರುವ ಪೈಲಟ್ ಸಂಜೆ ಮನೆಗೆ ಮರಳುವ ಖಾತರಿ ಇಲ್ಲ. ಅವನು ಮೇಲೇರುತ್ತಾನೆ. ಏರಿದಾಗ ಏನಾಗುತ್ತದೆ ಎಂಬುದು ಸರಳ ಗಣಿತ. 100 ಮೈಕ್ರಾನ್ ದಪ್ಪದ ಹನಿ, ಅಂದರೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲು, ನಿಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಕಾಲು ಮೀಟರ್ ಇಳಿಯುತ್ತದೆ. 3 ಮೀಟರ್ ಮೇಲಿಂದ ಬಿಟ್ಟರೆ ಮರ ಮುಟ್ಟಲು 12 ಸೆಕೆಂಡ್. ಅಷ್ಟರಲ್ಲಿ ಸೆಕೆಂಡಿಗೆ 2 ಮೀಟರ್ ಬೀಸುವ ಮಂದ ಗಾಳಿ ಅದನ್ನು 24 ಮೀಟರ್ ಆಚೆ ಒಯ್ಯುತ್ತದೆ. ಅದೇ ಹನಿಯನ್ನು 15 ಮೀಟರ್ ಮೇಲಿಂದ ಬಿಟ್ಟರೆ 120 ಮೀಟರ್ ಆಚೆ ಹೋಗುತ್ತದೆ. ಹನಿ ಅದರ ಅರ್ಧದಷ್ಟು ಸಣ್ಣದಾದರೆ ಇಳಿಯುವ ವೇಗ ಕಾಲು ಭಾಗಕ್ಕೆ ಕುಗ್ಗಿ, 480 ಮೀಟರಿನ ಆಸುಪಾಸಿಗೆ ಹೋಗಿ ಬೀಳುತ್ತದೆ. ಇದು ಸಮತಟ್ಟು ನೆಲದ ಲೆಕ್ಕ. ಡಿಸೆಂಬರಿನ ಬೆಳಿಗ್ಗೆ ಕಣಿವೆಯಲ್ಲಿ ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಇರುವಾಗ ಸಣ್ಣ ಹನಿಗಳು ಮಂಜಿನ ಜೊತೆ ಕಣಿವೆಯಲ್ಲೇ ತಂಗುತ್ತವೆ. ನೆತ್ತಿಯಲ್ಲಿ ಬಿಟ್ಟದ್ದು ಮನೆಗಳ ನಡುವೆ ಇಳಿಯದೆ ಬೇರೆಲ್ಲಿಗೆ ಹೋದೀತು?

ಮೊದಲು ಕಣ್ಣಿಗೆ ಬಿದ್ದದ್ದು ಜೇನು ಸತ್ತದ್ದು, ಮೀನು ತೇಲಿದ್ದು, ಕೈಕಾಲು ತಿರುಚಿಕೊಂಡ ಕರುಗಳು ಹುಟ್ಟಿದ್ದು. ಆ ಊರಿನವರೇ ಆದ ಕೃಷಿಕ ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ಈ ಬಗ್ಗೆ ಬರೆದಿದ್ದರು. ಮುಂದೆ 'ಅಡಿಕೆ ಪತ್ರಿಕೆ'ಯ ಸಂಪಾದಕರಾಗಿ, ನೆಲಜಲದ ಬರಹಗಾರರಾಗಿ ನಾಡಿಗೆಲ್ಲ ಪರಿಚಿತರಾದ ಅವರ ಮಾತಿಗೆ ಆಗ ಕಿವಿಗೊಟ್ಟವರು ಕಡಿಮೆ. 1982ರಿಂದ ವಾಣಿನಗರದಲ್ಲಿ ವೈದ್ಯರಾಗಿರುವ ಡಾ. ವೈ.ಎಸ್. ಮೋಹನಕುಮಾರ್ ಸಣ್ಣ ಊರೊಂದರಲ್ಲಿ ಇಷ್ಟೊಂದು ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್, ಹುಟ್ಟು ಅಂಗವೈಕಲ್ಯ ಹೇಗೆ ಎಂದು ತಲೆ ಕೆಡಿಸಿಕೊಂಡರು. ಮೊದಲಿಗೆ ಅವರ ಗುಮಾನಿ ನೀರಿನ ಮೇಲಿತ್ತು. ನೀರಿನಲ್ಲಿರುವ ಖನಿಜವೇನಾದರೂ ಕಾರಣವೇ ಎಂದು ಯೋಚಿಸಿದ್ದರು. ಮನೆಮನೆಯ ರೋಗದ ಪಟ್ಟಿಯನ್ನು ತಾವೇ ಬರೆದಿಟ್ಟು ವೈದ್ಯರಿಗೆ, ಪತ್ರಿಕೆಗಳಿಗೆ ಪತ್ರ ಬರೆದರು. ಊರಿನ ಡಾಕ್ಟರೊಬ್ಬರ ಆ ಪಟ್ಟಿಯೇ ಮುಂದಿನ ಅಧ್ಯಯನಗಳಿಗೆಲ್ಲ ಮೊದಲ ದಾಖಲೆ. ಸರ್ಕಾರಿ ಕಡತದಲ್ಲಿ ಅದಕ್ಕೆ ಸಮನಾದದ್ದು ಏನೂ ಇರಲಿಲ್ಲ.

ಹೆಲಿಕಾಪ್ಟರನ್ನು ನಿಜವಾಗಿ ನಿಲ್ಲಿಸಿದ್ದು ದಕ್ಷಿಣಕ್ಕೆ, ಪೆರಿಯದಲ್ಲಿ ಮನೆ ಕಟ್ಟಿಕೊಂಡಿದ್ದ ಒಬ್ಬ ಹೆಂಗಸು. ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರೆ. ಸರ್ಕಾರದ ಸಂಬಳ ತಿನ್ನುತ್ತಾ ಸರ್ಕಾರದ ನಿಗಮದ ಮೇಲೆಯೇ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನಲ್ಲಿ ದಾವೆ ಹೂಡಿದರು. ಅಕ್ಟೋಬರಿನಲ್ಲಿ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು, ಎರಡು ವರ್ಷದ ಮೇಲೆ ಅದು ಕಾಯಂ ಆಯಿತು. ದೆಹಲಿಯ ಮಂತ್ರಾಲಯ, ತಿರುವನಂತಪುರದ ಸಚಿವಾಲಯ, ದೊಡ್ಡ ದೊಡ್ಡ ಸಮಿತಿಗಳು ಇಪ್ಪತ್ತು ವರ್ಷದಲ್ಲಿ ಮಾಡದ ಕೆಲಸವನ್ನು ತಾಲ್ಲೂಕು ಮಟ್ಟದ ಕೋರ್ಟು ಮಾಡಿತ್ತು. ಆದರೆ ಆ ಆಜ್ಞೆಯ ಬಲ ಆ ಕೋರ್ಟಿನ ವ್ಯಾಪ್ತಿಯಲ್ಲಿ ಮಾತ್ರ. ಉತ್ತರದ ಪಡ್ರೆಯ ಮೇಲೆ 2000ದ ಡಿಸೆಂಬರಿನಲ್ಲೂ ಹೆಲಿಕಾಪ್ಟರ್ ಹಾರಿತು.

2001ರ ಆರಂಭದಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯಿಂದ ನೀರು, ಮಣ್ಣು, ಹಾಲು, ರಕ್ತದ ಮಾದರಿ ತರಿಸಿ ಪರೀಕ್ಷಿಸಿ, ಎಂಡೋಸಲ್ಫಾನ್ ಶೇಷ ಇದೆ ಎಂದು ಪ್ರಕಟಿಸಿತು. ನಿಗಮ ತಾನೂ ಒಂದು ಸಂಸ್ಥೆಯಿಂದ ಪರೀಕ್ಷೆ ಮಾಡಿಸಿತು, ಅದರ ವರದಿ ಅಷ್ಟೇ ಖಡಾಖಂಡಿತವಾಗಿ ಬೇರೆಯದನ್ನು ಹೇಳಿತು. ಅಲ್ಲಿಂದ ಸಮಿತಿಗಳ ಸುಗ್ಗಿ. ಕೇರಳ ಸರ್ಕಾರ ನೇಮಿಸಿದ ಡಾ. ಎ. ಅಚ್ಯುತನ್ ಸಮಿತಿ ವೈಮಾನಿಕ ಸಿಂಪಡಣೆಯನ್ನು ನಿಷೇಧಿಸಬೇಕು ಎಂದಿತು. ಕೇಂದ್ರದ ದುಬೆ ಸಮಿತಿ, ಮಾಯಿ ಸಮಿತಿಗಳಿಗೆ ಕಾಯಿಲೆಗಳಿಗೂ ಎಂಡೋಸಲ್ಫಾನ್‌ಗೂ ನಂಟು ಕಾಣಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಕೋರಿಕೆಯ ಮೇರೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ ಮಾತ್ರ ಇವುಗಳಿಗಿಂತ ಗಟ್ಟಿ ನೆಲದ ಮೇಲೆ ನಿಂತಿತ್ತು. ಸಿಂಪಡಣೆ ಆದ ಊರಿನ 117 ಹುಡುಗರನ್ನು, ಆಗದ ಊರಿನ 90 ಹುಡುಗರನ್ನು ಅದು ಹೋಲಿಸಿ ನೋಡಿತು. ಹೆಲಿಕಾಪ್ಟರ್ ನಿಂತು ತಿಂಗಳುಗಳೇ ಕಳೆದಿದ್ದರೂ ಮೊದಲ ಗುಂಪಿನ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು. ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. 2003ರಲ್ಲಿ ಇದು ಅಂತರರಾಷ್ಟ್ರೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು.

ಕಾರಣ ಎಂಡೋಸಲ್ಫಾನ್ ಒಂದೇ ಅಲ್ಲ, ರೋಗಿಗಳ ಪಟ್ಟಿಯಲ್ಲಿ ಬೇರೆ ಕಾರಣದ ಕಾಯಿಲೆಗಳೂ ಸೇರಿವೆ ಎಂದು ವಾದಿಸುವ ಕೃಷಿ ವಿಜ್ಞಾನಿಗಳು ಇಂದಿಗೂ ಇದ್ದಾರೆ. ಒಂದೊಂದು ಕಾಯಿಲೆಯನ್ನೂ ಒಂದು ರಾಸಾಯನಿಕಕ್ಕೆ ಕಟ್ಟುವುದು ಕಷ್ಟ ಎಂಬ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಹಾಗೆ ಕಟ್ಟಲು ಬೇಕಾದ ಪುರಾವೆ ಇಲ್ಲದಂತೆ ಮಾಡಿದವರು ಯಾರು? ಎರಡು ದಶಕ ಮೇಲಿಂದ ಮದ್ದು ಸುರಿದವರು ಒಂದು ವರ್ಷವಾದರೂ ಕೆಳಗಿನ ನೀರು, ಹಾಲು, ರಕ್ತವನ್ನು ಕ್ರಮವಾಗಿ ಪರೀಕ್ಷಿಸಿ ಇಟ್ಟಿದ್ದರೆ ಈ ಜಗಳ ಇಷ್ಟು ದಿನ ಎಳೆಯುತ್ತಿರಲಿಲ್ಲ. ಅದಕ್ಕೂ ಮಿಗಿಲಾಗಿ, ನೀರಿನ ಆಸರೆಗಳ ಬಳಿ ಎಂಡೋಸಲ್ಫಾನ್ ಬಳಸಬಾರದು ಎಂದು 1991ರಲ್ಲೇ ಕೇಂದ್ರದ ಸಮಿತಿಯೊಂದು ಹೇಳಿತ್ತು. ಸುರಂಗದ ಊರಿನಲ್ಲಿ ಯಾವ ಮರ ನೀರಿನ ಬಳಿ ಇಲ್ಲ? ನಿಯಮ ಮುರಿದದ್ದನ್ನು ಸಾಬೀತುಮಾಡಲು ವೈದ್ಯಶಾಸ್ತ್ರದ ತೀರ್ಪು ಬರುವವರೆಗೆ ಕಾಯಬೇಕಿರಲಿಲ್ಲ.

ಗಡಿಯ ಈಚೆಗೂ ಇದೇ ಕತೆ, ಸದ್ದು ಮಾತ್ರ ಕಡಿಮೆ. ಕರ್ನಾಟಕ ಗೇರು ಅಭಿವೃದ್ಧಿ ನಿಗಮ ದಕ್ಷಿಣ ಕನ್ನಡದ ತನ್ನ ತೋಟಗಳ ಮೇಲೆ ಇದೇ ಮದ್ದನ್ನು ಇದೇ ರೀತಿ ಬಿಡಿಸಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಹೆಸರು ಪತ್ರಿಕೆಗಳಲ್ಲಿ ಬರತೊಡಗಿದ್ದು ಕಾಸರಗೋಡು ಜಗತ್ತಿಗೆ ಗೊತ್ತಾಗಿ ಬಹಳ ವರ್ಷಗಳ ಮೇಲೆ. ಕೇರಳದಲ್ಲಿ ಚಳವಳಿ, ಛಾಯಾಚಿತ್ರ, ಸಾಕ್ಷ್ಯಚಿತ್ರ, ಅಂಬಿಕಾಸುತನ್ ಮಾಂಗಾಡ್ ಅವರ 'ಎಣ್ಮಕಜೆ' ಕಾದಂಬರಿ ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ಇತ್ತ ಕೊಕ್ಕಡದವರಿಗೆ ರಾಜಧಾನಿ ದೂರ, ಟಿವಿ ಕ್ಯಾಮೆರಾ ಇನ್ನೂ ದೂರ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನ್ ನಿಷೇಧ ಪ್ರಕಟಿಸಿತು. ಆಮೇಲೆ ಹೈಕೋರ್ಟಿನ ನಿಗಾದಲ್ಲಿ ಮಾಸಾಶನ ಬಂತು. ಕೊಕ್ಕಡ, ಕೊಯಿಲಗಳಲ್ಲಿ ಅಂಗವೈಕಲ್ಯದ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳು ತೆರೆದವು. ಅಂಥ ಮಗುವಿರುವ ಮನೆಯಲ್ಲಿ ಕೂಲಿಗೆ ಹೋಗಬೇಕಾದ ತಾಯಿಗೆ ಹಗಲಿಡೀ ಮಗುವನ್ನು ಬಿಡಲು ಒಂದು ಜಾಗ ಸಿಕ್ಕುವುದು ಸಣ್ಣ ಸಂಗತಿಯಲ್ಲ.

2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನ್ ಅನ್ನು ಹಂತಹಂತವಾಗಿ ತೊಲಗಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದವು. ಜಗತ್ತಿನಲ್ಲೇ ದೊಡ್ಡ ಉತ್ಪಾದಕನಾಗಿದ್ದ ಭಾರತ ಕೊನೆಯವರೆಗೂ ತಕರಾರು ಎತ್ತಿ, ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದ ಮೇಲಷ್ಟೇ ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆಜ್ಞೆಯಲ್ಲಿ ಉತ್ಪಾದನೆ, ಮಾರಾಟ, ಬಳಕೆಯನ್ನು ದೇಶದಾದ್ಯಂತ ನಿಲ್ಲಿಸಿತು. 2017ರ ಜನವರಿಯಲ್ಲಿ ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಕೇರಳಕ್ಕೆ ಹೇಳಿತು. 2022ರ ಮೇನಲ್ಲಿ ಅದೇ ಕೋರ್ಟಿನ ಮುಂದೆ ಲೆಕ್ಕ ಬಂದಾಗ 3,704 ಸಂತ್ರಸ್ತರ ಪೈಕಿ ಹಣ ಸಿಕ್ಕಿದ್ದು 8 ಮಂದಿಗೆ. ಅದೂ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದವರಿಗೆ. ಉಳಿದ ಮದ್ದು ಗೋದಾಮಿನ ತುಕ್ಕು ಹಿಡಿದ ಡ್ರಮ್ಮುಗಳಲ್ಲೇ ಕೊಳೆಯುತ್ತಿತ್ತು. 2012ರಲ್ಲಿ ಅದನ್ನು ಹೊಸ ಡ್ರಮ್ಮುಗಳಿಗೆ ತುಂಬಿಸುವ ಕೆಲಸಕ್ಕೆ ಅಧಿಕಾರಿಗಳು 'ಆಪರೇಷನ್ ಬ್ಲಾಸಮ್ ಸ್ಪ್ರಿಂಗ್' ಎಂದು ಹೆಸರಿಟ್ಟರು. ಹೂ ಅರಳುವ ಕಾಲದಲ್ಲೇ ಸುರಿಯುತ್ತಿದ್ದ ವಿಷಕ್ಕೆ ಇಂಥ ಹೆಸರು ಹೊಳೆದದ್ದು ಯಾರಿಗೋ.

ನಿಷೇಧವಾದದ್ದು ಒಂದು ರಾಸಾಯನಿಕ. ಮನೆಗಳ ಪಕ್ಕದಲ್ಲಿ ಮೇಲಿಂದ ಮದ್ದು ಬಿಡುವುದರ ಮಾತು ಹಾಗೆಯೇ ಉಳಿಯಿತು. ಬೇರೆ ದೇಶಗಳು ಈ ಗಂಟನ್ನು ಬಿಡಿಸಲು ಪಟ್ಟ ಪಾಡೂ ಸ್ವಾರಸ್ಯಕರ. ಐರೋಪ್ಯ ಒಕ್ಕೂಟ 2009ರ ನಿರ್ದೇಶನದಲ್ಲಿ ಲೆಕ್ಕವನ್ನೇ ತಿರುಗಿಸಿತು: ವೈಮಾನಿಕ ಸಿಂಪಡಣೆ ನಿಷಿದ್ಧ, ಬೇರೆ ದಾರಿಯೇ ಇಲ್ಲ ಎಂದು ತೋರಿಸಿದವರಿಗೆ ಮಾತ್ರ ವಿನಾಯಿತಿ, ಅದೂ ಜನವಸತಿಗೆ ತೀರಾ ಹತ್ತಿರ ಇರಬಾರದು. ಫಿಲಿಪೀನ್ಸ್‌ನ ದಾವಾವೊ ನಗರದ ಸುತ್ತ ದೊಡ್ಡ ಬಾಳೆ ತೋಟಗಳಿವೆ. ನಗರಸಭೆ 2007ರಲ್ಲಿ ವೈಮಾನಿಕ ಸಿಂಪಡಣೆಯನ್ನು ನಿಷೇಧಿಸಿ, ತೋಟದ ಅಂಚಿನಲ್ಲಿ 30 ಮೀಟರ್ ತೆರಪು ಬಿಡಬೇಕು ಎಂದಿತು. ತೋಟದ ಕಂಪನಿಗಳು ಕೋರ್ಟಿಗೆ ಹೋದವು. ಸಣ್ಣ ಹಿಡುವಳಿಗೂ ದೊಡ್ಡ ಎಸ್ಟೇಟಿಗೂ ಒಂದೇ ಅಳತೆ ಸಲ್ಲದು, ಕೊಟ್ಟ ಮೂರು ತಿಂಗಳ ಗಡುವು ಸಾಲದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2016ರಲ್ಲಿ ಆ ಕಟ್ಟಳೆಯನ್ನು ರದ್ದುಮಾಡಿತು. ಬ್ರೆಜಿಲ್‌ನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಸಿಯಾರಾ ರಾಜ್ಯದಲ್ಲಿ ಸಿಂಪಡಣೆ ವಿರೋಧಿಸುತ್ತಿದ್ದ ಜೋಸೆ ಮರಿಯಾ ಎಂಬ ರೈತ ಮುಖಂಡನನ್ನು 2010ರಲ್ಲಿ ಗುಂಡಿಟ್ಟು ಕೊಂದಿದ್ದರು. 2019ರಲ್ಲಿ ರಾಜ್ಯ ಆತನ ಹೆಸರಿನಲ್ಲೇ ನಿಷೇಧದ ಕಾನೂನು ಮಾಡಿತು, 2023ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಭಾರತದಲ್ಲಿ ಹೆಲಿಕಾಪ್ಟರಿನ ಜಾಗಕ್ಕೆ ಈಗ ಡ್ರೋನ್ ಬಂದಿದೆ. 2020ರ ಮಿಡತೆ ದಾಳಿಯಲ್ಲಿ ರಾಜಸ್ಥಾನದಲ್ಲಿ ಅವನ್ನು ಬಳಸಿದರು. 2021ರ ಡಿಸೆಂಬರಿನಲ್ಲಿ ಕೃಷಿ ಸಚಿವಾಲಯ ಡ್ರೋನ್ ಸಿಂಪಡಣೆಯ ಕಾರ್ಯವಿಧಾನ ಹೊರಡಿಸಿತು. 2022ರಲ್ಲಿ ಬೇರೆ ರೀತಿಯ ಬಳಕೆಗೆ ಈಗಾಗಲೇ ನೋಂದಣಿಯಾಗಿದ್ದ 477 ಕೀಟನಾಶಕಗಳಿಗೆ ಡ್ರೋನ್ ಮೂಲಕ ಬಳಸಲು ಎರಡು ವರ್ಷದ ಮಧ್ಯಂತರ ಒಪ್ಪಿಗೆ ಒಂದೇ ಏಟಿಗೆ ಸಿಕ್ಕಿತು. 2023ರಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ 1,261 ಕೋಟಿ ರೂಪಾಯಿಯ ಯೋಜನೆ ಬಂತು. ಡ್ರೋನ್ ತಗ್ಗಿನಲ್ಲಿ ಹಾರುತ್ತದೆ, ಕಡಿಮೆ ಜಾಗ ಹಿಡಿಯುತ್ತದೆ, ಮದ್ದಿನ ಡಬ್ಬ ಬೆನ್ನಿಗೆ ಹೊತ್ತು ವಿಷದಲ್ಲಿ ಮೀಯುವ ಕೂಲಿಯವನನ್ನು ದೂರ ನಿಲ್ಲಿಸುತ್ತದೆ. ಹೆಲಿಕಾಪ್ಟರಿಗೆ ಹೋಲಿಸಿದರೆ ಇವೆಲ್ಲ ನಿಜವಾದ ಲಾಭ. ಮಳೆಗಾಲದಲ್ಲಿ ಜಾರುವ ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವವರು ಸಿಗದೆ ಕಂಗಾಲಾದ ತೋಟದವರು ಅದರತ್ತ ಆಸೆಗಣ್ಣಿನಿಂದ ನೋಡುವುದೂ ಸಹಜವೇ.

ಆದರೆ ಕರಾವಳಿ, ಮಲೆನಾಡಿನ ತೋಟದ ನಕ್ಷೆ ಬದಲಾಗಿಲ್ಲ. ಅಡಿಕೆ ತೋಟದ ಅಂಚಿನಲ್ಲೇ ಬಚ್ಚಲು, ಅದರಾಚೆ ಬಾವಿ, ಬೇಲಿಯ ಆಚೆ ಪಕ್ಕದ ಮನೆಯ ಬಸಳೆ ಚಪ್ಪರ. ಹೆಲಿಕಾಪ್ಟರ್ ವರ್ಷಕ್ಕೆ ಎರಡು ಮೂರು ಸಲ ಬರುತ್ತಿತ್ತು, ಅದರ ಸದ್ದು ಎರಡು ಗುಡ್ಡದಾಚೆಯಿಂದಲೇ ಕೇಳುತ್ತಿತ್ತು, ಬಿಡಿಸಿದ ಯಜಮಾನ ಒಬ್ಬನೇ ಇದ್ದ. ಡ್ರೋನ್ ಊರಲ್ಲಿ ನಾಲ್ಕಿದ್ದರೆ ಯಜಮಾನರು ನಲವತ್ತು ಮಂದಿ, ಮದ್ದು ಹತ್ತು ಬಗೆಯದು, ಹಾರಾಟ ಕಾಲು ಗಂಟೆಯದು. 1971ರ ನಿಯಮ ಹೇಳಿದ 24 ಗಂಟೆಯ ಮುನ್ಸೂಚನೆಯನ್ನು ಇಂಥ ಒಂದೊಂದು ಹಾರಾಟಕ್ಕೂ ಮನೆಮನೆಗೆ ಮುಟ್ಟಿಸಬೇಕಾದವರು ಯಾರು, ಪಂಚಾಯತಿಯವರೇ, ಕೃಷಿ ಇಲಾಖೆಯವರೇ, ಡ್ರೋನ್ ಬಾಡಿಗೆಗೆ ಕೊಟ್ಟ ಸಂಘದವರೇ? 4,600 ಹೆಕ್ಟೇರಿಗೆ ಒಬ್ಬನೇ ಒಡೆಯನಿದ್ದು, ಅವನೂ ಸರ್ಕಾರವೇ ಆಗಿದ್ದಾಗ ಆ ಸೂಚನೆ ಪಡ್ರೆಯಲ್ಲಿ ಬಾವಿ ಮುಚ್ಚಿ ಎನ್ನುವುದರಿಂದ ಮುಂದೆ ಹೋಗಿರಲಿಲ್ಲ.